ಕಾಫಿ ಫೋಟೋದಲ್ಲಿ ಸಿಕ್ಕಿಬಿದ್ದ ಸ್ಕೇಲು

ಗುಂಪು: ಮೆಕ್ 94 – ಬೆಣ್ಣೆದೋಸೆ ಕಪ್ ⛳

(ಭಾನುವಾರ ಸಂಜೆ 7:10. ಫೋನಿನಲ್ಲಿ ಆಡುವ ‘ಗಾಲ್ಫ್ ಕ್ಲಾಶ್’ ಪಂದ್ಯಾವಳಿಯ ಫೈನಲ್‌ನಲ್ಲಿ ವೆಂಕಿ ಮಂಜನನ್ನು ಸೋಲಿಸಿದ್ದಾನೆ. ಪಂದ್ಯಕ್ಕೆ ಇಟ್ಟದ್ದು ಬೆಣ್ಣೆದೋಸೆ. ಈಗ ವೆಂಕಿ ಒಂದು ಫೋಟೋ ಹಾಕಿದ್ದಾನೆ.)

ವೆಂಕಿ: ಹೊಸ ಹಿತ್ತಾಳೆ ಫಿಲ್ಟರು, ಮೊದಲ ಡಿಕಾಕ್ಷನ್. ಫೈನಲ್ ಗೆದ್ದವನ ಕಾಫಿ ರುಚಿಯೇ ಬೇರೆ 😎

ಮಂಜ: ಕಾಫಿ ಇರಲಿ. ಲೋಟದ ಹಿಂದೆ ಲ್ಯಾಪ್‌ಟಾಪಿನಲ್ಲಿ ಏನದು? ಜೂಮ್ ಮಾಡಿ ನೋಡಿದೆ. ‘ಕ್ಲಬ್’, ‘ಗಾಳಿ’, ‘ರಿಂಗ್’ ಅಂತ ಕಾಲಂ ಇವೆ.

ಮಂಜ: ಫೋನಿನ ಮೇಲೆ ಅಡ್ಡ ಇಟ್ಟಿರುವುದು ಸ್ಕೇಲಾ?

ಬಸು: ಇಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಡುಮ್ಕಿ ಹೊಡೆದವನು ಈಗ ಸ್ಕೇಲ್ ಹಿಡಿದಿದ್ದಾನೆ 😂😂

ವೆಂಕಿ: ಹೌದು ಸ್ಕೇಲು. ಅದರಲ್ಲಿ ತಪ್ಪೇನಿದೆ? ಗಾಲ್ಫ್ ಕ್ಲಾಶ್ ಸ್ವಲ್ಪ ಗಂಭೀರವಾಗಿ ಆಡುವವರೆಲ್ಲ ಗಾಳಿ ಚಾರ್ಟ್ ಇಟ್ಟುಕೊಳ್ಳುತ್ತಾರೆ. ಯಾವ ಕ್ಲಬ್ಬು (ಹೊಡೆಯುವ ಕೋಲು), ಯಾವ ಲೆವೆಲ್ಲು, ಎಷ್ಟು ಗಾಳಿಗೆ ಗುರಿಯನ್ನು ಅದರ ಸುತ್ತಲಿನ ಎಷ್ಟು ರಿಂಗ್‌ನಷ್ಟು ಸರಿಸಬೇಕು, ಅಷ್ಟೇ. ಯೂಟ್ಯೂಬಿನಲ್ಲಿ ಇದನ್ನೇ ಪಾಠ ಮಾಡುತ್ತಾರೆ.

ಮಂಜ: ನಾನು ಕಣ್ಣಂದಾಜಿನಲ್ಲಿ ಆಡಿದೆ ಕಣೋ. ನೀನು ಎಕ್ಸೆಲ್ ತೆಗೆದು ಆಡಿದೆ. ಇದು ಸಮನಾದ ಆಟವಾ? ನನ್ನ ದೋಸೆ ವಾಪಸ್ ಕೊಡು.

ವೆಂಕಿ: ತೆರೆಯ ಮೇಲೆ ಗಾಳಿ 11.3 ಅಂತ ಆಟವೇ ಬರೆದು ತೋರಿಸುತ್ತದೆ. ಅಂಕಿ ಕೊಟ್ಟಮೇಲೆ ಲೆಕ್ಕ ಹಾಕಬೇಡ ಅಂದರೆ ಹೇಗೆ ಮಾರಾಯ?

ಮಂಜ: ಸುಧಾ ಎಲ್ಲಿ? ಈ ಗುಂಪಿನಲ್ಲಿ ನಿಜವಾದ ಹುಲ್ಲಿನ ಮೇಲೆ ಆಡುವವಳು ಅವಳೊಬ್ಬಳೇ. ಸುಧಾ, ನೀನೇ ಹೇಳು.

ಸುಧಾ: ಅಡುಗೆಮನೆಯಲ್ಲಿ ಇದ್ದೇನೆ, ತಡೀರಿ.

ಸುಧಾ: ಹ್ಞಾಂ. ನಿಜವಾದ ಗಾಲ್ಫಿನಲ್ಲಿ 4.3 ಅಂತ ಒಂದು ನಿಯಮ ಇದೆ. 2019ರಿಂದ ದೂರ ಅಳೆಯುವ ಯಂತ್ರ ಬಳಸಬಹುದು. ಸ್ಪರ್ಧೆ ನಡೆಸುವವರು ಬೇಡ ಅಂದರೆ ಮಾತ್ರ ಇಲ್ಲ. ಆದರೆ ನೆಲದ ಏರಿಳಿತ ಅಳೆಯುವಂತಿಲ್ಲ. ಆಟದ ಮಧ್ಯೆ ಗಾಳಿ ಅಳೆಯುವಂತಿಲ್ಲ. ನಾಲ್ಕು ಹುಲ್ಲಿನ ಎಸಳು ಕಿತ್ತು ಮೇಲೆ ತೂರಿ ಗಾಳಿ ನೋಡಬಹುದು. ಅದನ್ನೇ ಪೌಡರ್ ತೂರಿ ನೋಡಿದರೆ ತಪ್ಪು.

ಬಸು: ಹುಲ್ಲು ಸರಿ, ಪೌಡರ್ ತಪ್ಪಾ? ಇದೊಳ್ಳೆ ಮಡಿ 😄

ಸುಧಾ: ನಗಬೇಡ. ಇಬ್ಬರೇ ಎದುರುಬದುರು ಆಡುವಾಗ ಮೊದಲ ಸಲ ಸಿಕ್ಕಿಬಿದ್ದರೆ ಆ ಹೋಲ್, ಅಂದರೆ ಆ ಗುಂಡಿಯ ಸುತ್ತು, ಸೋತಂತೆ. ಎರಡನೇ ಸಲ ಸಿಕ್ಕರೆ ಸ್ಪರ್ಧೆಯಿಂದಲೇ ಹೊರಗೆ.

ಮಂಜ: ಕೇಳಿಸಿತಾ ವೆಂಕಿ?

ವೆಂಕಿ: ಸುಧಾ ಹೇಳಿದ್ದು ನನಗೇ ಅನುಕೂಲ ಆಯಿತಲ್ಲ! ಅಲ್ಲಿ ಗಾಳಿ ಎಷ್ಟು ಅಂತ ತಿಳಿಯುವುದೇ ಆಟಗಾರನ ಕೆಲಸ, ಅದಕ್ಕೆ ಯಂತ್ರ ಬೇಡ ಅಂದರು. ಇಲ್ಲಿ ಅದನ್ನು ಇಬ್ಬರಿಗೂ ಪುಕ್ಕಟೆ ಕೊಡುತ್ತಾರೆ. ನಾನು ಏನನ್ನೂ ಅಳೆಯಲಿಲ್ಲ.

ಸುಧಾ: ಅದು ಸರಿಯೇ. ಹಾಗಾಗಿ ಗಾಳಿಯ ನಿಯಮ ಇಲ್ಲಿಗೆ ನೇರವಾಗಿ ಕೂರುವುದಿಲ್ಲ. ಕೂರುವುದು ಬೇರೆ ಒಂದು. ಗ್ರೀನಿನ, ಅಂದರೆ ಗುಂಡಿ ಸುತ್ತಲಿನ ನುಣುಪು ಹುಲ್ಲಿನ, ಇಳಿಜಾರನ್ನೆಲ್ಲ ಬಾಣ ಹಾಕಿ ತೋರಿಸುವ ಪುಸ್ತಕ ಇರುತ್ತಿದ್ದವು. 2022ರಿಂದ ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿ ಪಿಜಿಎ ಟೂರ್‌ನಲ್ಲಿ ಅದಕ್ಕೆ ತಡೆ ಬಂತು. ಈಗ ಆಟಗಾರ ತಾನು ಆಡಿ, ಕಣ್ಣಾರೆ ನೋಡಿ ಕಂಡುಕೊಂಡದ್ದನ್ನು ಬರೆದಿಟ್ಟುಕೊಳ್ಳಬಹುದು. ಬೇರೆ ಯಾರೋ ಉಪಕರಣದಿಂದ ಅಳೆದು ಕೊಟ್ಟದ್ದನ್ನು ಇಟ್ಟುಕೊಳ್ಳುವಂತಿಲ್ಲ.

ಸುಧಾ: ಈಗ ಹೇಳು ವೆಂಕಿ. ಆ ಎಕ್ಸೆಲ್ ನಿನ್ನದಾ, ಇಳಿಸಿಕೊಂಡದ್ದಾ?

(ಎರಡು ನೀಲಿ ಟಿಕ್. ಆರು ನಿಮಿಷ ಉತ್ತರ ಇಲ್ಲ.)

ಬಸು: ಡಿಕಾಕ್ಷನ್ ಇಳಿಯುತ್ತಿದೆ ಅನಿಸುತ್ತದೆ

ವೆಂಕಿ: ಅರ್ಧ ಇಳಿಸಿಕೊಂಡದ್ದು. ಡ್ರೈವರ್ ಕ್ಲಬ್ಬಿನದು ಮತ್ತು ಉದ್ದ ಹೊಡೆತದ್ದು ಯಾರೋ ಮಾಡಿಟ್ಟದ್ದು. ಚಿಕ್ಕ ಹೊಡೆತದ್ದು ನಾನೇ ಮಾಡಿದೆ. ಎರಡು ತಿಂಗಳು ದಿನಾ ರಾತ್ರಿ ಒಂದೇ ಹೋಲ್ ಆಡಿ, ಚೆಂಡು ಎಷ್ಟು ಸರಿಯಿತು ಅಂತ ಬರೆದುಕೊಂಡಿದ್ದೇನೆ. ಬೇಕಿದ್ದರೆ ನನ್ನ ಹೆಂಡತಿಯನ್ನು ಕೇಳಿ, ಬೈದು ಹೇಳುತ್ತಾಳೆ.

ಮಂಜ: 2021ರಲ್ಲಿ ನಮ್ಮ ಬೆಂಗಳೂರಿನ ನಿಖಿಲ್ ಕಾಮತ್ ವಿಶ್ವನಾಥನ್ ಆನಂದ್ ಎದುರು ಆನ್‌ಲೈನ್ ಚೆಸ್ ಗೆದ್ದು, ಮಾರನೇ ದಿನ ಕಂಪ್ಯೂಟರ್ ಸಹಾಯ ಪಡೆದಿದ್ದೆ ಅಂತ ತಾವೇ ಒಪ್ಪಿಕೊಂಡರಲ್ಲ. ಅದೂ ದಾನಕ್ಕೆ ಇಟ್ಟ ಆಟ. ಆಗ ಇದೇ ಗುಂಪಿನಲ್ಲಿ ಜಾಸ್ತಿ ಕೂಗಾಡಿದ್ದು ನೀನು.

ವೆಂಕಿ: ಅದಕ್ಕೂ ಇದಕ್ಕೂ ಹೋಲಿಕೆ ಬೇಡ. ಚೆಸ್ ಇಂಜಿನ್ ಯಾವ ಕಾಯಿ ನಡೆಸಬೇಕು ಅಂತಲೇ ಹೇಳಿಬಿಡುತ್ತದೆ. ಅಲ್ಲಿ ಆಟ ಅಂದರೆ ಅದೇ ತಾನೇ? ನನ್ನ ಚಾರ್ಟು ಯಾವ ಕ್ಲಬ್ ತೆಗೆದುಕೋ, ಮರಳಿನ ಬಂಕರ್ ದಾಟಿಸು ಅಥವಾ ಮುಂಚೆ ನಿಲ್ಲಿಸು ಅಂತ ಹೇಳುವುದಿಲ್ಲ. ತೆರೆಯ ಮೇಲೆ ಓಲಾಡುವ ಸೂಜಿ ನಡುವೆ ಬಂದಾಗ ಬೆರಳು ಬಿಟ್ಟು ಹೊಡೆಯುವುದೂ ನಾನೇ. ಸೂಜಿ ತಾನೇ ನಿಲ್ಲುವ ಹಾಗೆ ಯಾವುದಾದರೂ ಆ್ಯಪ್ ಹಾಕಿದ್ದರೆ ನೀನು ಚಪ್ಪಲಿಯಲ್ಲಿ ಹೊಡೆ.

ಮಂಜ: ಹಾಗಲ್ಲ. ಗಾಳಿಯನ್ನು ಅಂದಾಜು ಮಾಡುವುದು ಅರ್ಧ ಆಟ, ಬೆರಳು ಇನ್ನರ್ಧ. ನೀನು ಅರ್ಧ ಆಟವನ್ನು ಗುತ್ತಿಗೆಗೆ ಕೊಟ್ಟೆ.

ಶಿವು: ನಾನೊಂದು ಹೇಳಬೇಕು. ಹೇಳದೆ ಇದ್ದದ್ದು ತಪ್ಪೇ. ಎರಡು ವರ್ಷದಿಂದ ನನ್ನ ಬಲಗೈ ನಡುಗುತ್ತದೆ. ಫೋನಿನಲ್ಲಿ ಸೂಜಿ ನಿಲ್ಲಿಸಲು ಆಗುವುದಿಲ್ಲ. ಅದಕ್ಕೆ ಆಟವನ್ನು ಲ್ಯಾಪ್‌ಟಾಪಿನಲ್ಲಿ ಓಡಿಸಿ, ಎಡಗೈಯಲ್ಲಿ ಮೌಸ್ ಹಿಡಿದು ಆಡುತ್ತೇನೆ. ದೊಡ್ಡ ತೆರೆ, ಸ್ವಲ್ಪ ಸಲೀಸು. ನನ್ನನ್ನೂ ತೆಗೆಯುತ್ತೀರಾ?

ಮಂಜ: ಛೇ, ಏನು ಮಾತು ಶಿವು. ಮೊದಲು ಡಾಕ್ಟರಿಗೆ ತೋರಿಸಿದೆಯಾ?

ಶಿವು: ತೋರಿಸಿದೆ. ಮಾತ್ರೆ ನಡೆಯುತ್ತಿದೆ. ಉತ್ತರ ಕೊಡಿ, ಕನಿಕರ ಬೇಡ.

ಸುಧಾ: ಶಿವು, ಅಮೆರಿಕದಲ್ಲಿ ಕೇಸಿ ಮಾರ್ಟಿನ್ ಅಂತ ಒಬ್ಬ ಗಾಲ್ಫ್ ಆಟಗಾರ. ಕಾಲಿನ ರಕ್ತನಾಳದ ತೊಂದರೆ, ನಡೆಯುವುದೇ ಕಷ್ಟ. ಗಾಡಿಯಲ್ಲಿ ಹೋಗುತ್ತೇನೆ ಅಂದ. ಪಿಜಿಎ ಟೂರ್ ಒಪ್ಪಲಿಲ್ಲ, ನಡೆಯುವುದೂ ಆಟವೇ ಅಂದಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2001ರಲ್ಲಿ 7–2ರಲ್ಲಿ ಅವನ ಕಡೆ ತೀರ್ಪು ಬಂತು. ಗಾಡಿ ಕೊಟ್ಟರೆ ಆಟದ ತಿರುಳು ಬದಲಾಗುವುದಿಲ್ಲ ಅಂದರು. ನಿನ್ನ ಮೌಸ್ ಆ ಗಾಡಿ ಇದ್ದ ಹಾಗೆ.

ಶಿವು: ಸರಿ. ಆದರೆ ಆಡುವ ಮುಂಚೆ ಎಲ್ಲರಿಗೂ ಗೊತ್ತಿರಬೇಕಿತ್ತು. ಅವನು ಗಾಡಿಯನ್ನು ಮುಚ್ಚಿಟ್ಟುಕೊಂಡು ಓಡಿಸಲಿಲ್ಲ.

ಮಂಜ: ಅದೇ ಕಣೋ ನನ್ನ ಹೊಟ್ಟೆಉರಿ! ವೆಂಕಿ ಚಾರ್ಟ್ ಇಟ್ಟದ್ದಕ್ಕಲ್ಲ, ಹೇಳದೆ ಇಟ್ಟದ್ದಕ್ಕೆ. ಗುಂಪಿನಲ್ಲಿ ಹಾಕಿದ್ದರೆ ನಾನೂ ನೋಡುತ್ತಿದ್ದೆ.

ಬಸು: ನೀನು ನೋಡುತ್ತಿರಲಿಲ್ಲ ಬಿಡು. ರವಿ ಪಂದ್ಯಾವಳಿ ಪಟ್ಟಿ ಮೂರು ಸಲ ಹಾಕಿದ, ಆದರೂ ‘ನನ್ನ ಮ್ಯಾಚ್ ಯಾವಾಗ’ ಅಂತ ಕೇಳಿದೆ.

ವೆಂಕಿ: ಕ್ಯಾಡಿ, ಅಂದರೆ ಆಟಗಾರನ ಸಹಾಯಕನ ಹತ್ತಿರ ಕೇಳಬಹುದಲ್ಲ ಸುಧಾ? ಟೋಕಿಯೋ ಒಲಿಂಪಿಕ್ಸ್ ಗಾಲ್ಫಿನಲ್ಲಿ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಬಂದಾಗ ಅವರ ಅಮ್ಮನೇ ಕ್ಯಾಡಿ. ಎಕ್ಸೆಲ್ ನನ್ನ ಕ್ಯಾಡಿ ಅಂದುಕೊಳ್ಳಿ 🙏

ಸುಧಾ: ಕ್ಯಾಡಿ ಹತ್ತಿರ ಸಲಹೆ ಕೇಳಬಹುದು, ಪ್ರೇಕ್ಷಕರ ಹತ್ತಿರ ಕೇಳಿದರೆ ದಂಡ. ಆದರೆ ಕ್ಯಾಡಿ ಬ್ಯಾಗ್ ಹೊತ್ತು ಎಲ್ಲರಿಗೂ ಕಾಣುವ ಹಾಗೆ ಪಕ್ಕದಲ್ಲೇ ನಡೆಯುತ್ತಾರೆ. ಕಾಫಿ ಲೋಟದ ಹಿಂದೆ ಅಡಗಿರುವುದಿಲ್ಲ.

ಬಸು: 🔥🔥🔥

ವೆಂಕಿ: ಆಯಿತು, ಹೇಳಬೇಕಿತ್ತು. ಆ ಮಾತು ಒಪ್ಪಿದೆ. ಆದರೆ ಮೋಸ ಅನ್ನುವ ಪದ ಒಪ್ಪುವುದಿಲ್ಲ.

ರವಿ (ಅಡ್ಮಿನ್): ಈಗಷ್ಟೇ ಬಸ್ಸಿನಿಂದ ಇಳಿದೆ, 74 ಮೆಸೇಜ್! ಎಲ್ಲ ಓದಿದೆ. ಮುಂದಿನ ಸಲದಿಂದ ಚಾರ್ಟ್ ಇದ್ದವರು ಪಂದ್ಯಾವಳಿಗೆ ಮುಂಚೆ ಇಲ್ಲಿ ಹಾಕಬೇಕು. ಶಿವುನ ಮೌಸ್ ನಡೆಯುತ್ತದೆ. ಸ್ಕೇಲು ಬೇಡ, ನೋಡಿದರೇ ನಗು ಬರುತ್ತದೆ. ಈ ಫೈನಲ್‌ಗೆ ಏನು ಮಾಡೋಣ?

ಮಂಜ: ವಿಡಿಯೋ ಕಾಲ್ ಹಾಕಿಕೊಂಡು ಈಗಲೇ ಎರಡು ಹೋಲ್ ಆಡಲಿ. ಕೈಯಲ್ಲಿ ಫೋನ್ ಬಿಟ್ಟರೆ ಬೇರೇನೂ ಇರಬಾರದು.

ವೆಂಕಿ: ಬಾ.

(ರಾತ್ರಿ 9:48)

ರವಿ: ಮೊದಲ ಹೋಲ್ ಮಂಜ. ವೆಂಕಿಯ ಚೆಂಡು ಸೀದಾ ನೀರಿಗೆ. ಎರಡನೆಯದು ವೆಂಕಿ. ಚಾರ್ಟ್ ನೋಡದೆಯೇ ರಿಂಗ್ ಲೆಕ್ಕ ಬಾಯಲ್ಲಿ ಹೇಳಿಕೊಂಡು ಹೊಡೆದ.

ಮಂಜ: ಬಾಯಿಪಾಠ ಮಾಡಿದ್ದಾನೆ, ಅದನ್ನು ಎಲ್ಲಿಂದ ಕಿತ್ತುಕೊಳ್ಳುವುದು. 1–1.

ರವಿ: ಮೂರನೆಯದು ಆಡುತ್ತೀರಾ?

ಮಂಜ: ಬೇಡ, ಕಣ್ಣು ಎಳೆಯುತ್ತಿದೆ. ದಾವಣಗೆರೆಗೆ ಬಂದಾಗ ಕೊಡಿಸುತ್ತೇನೆ. ಆದರೆ ಖಾಲಿ ದೋಸೆ. ಬೆಣ್ಣೆ ಅವನೇ ಹಾಕಿಸಿಕೊಳ್ಳಲಿ.

ವೆಂಕಿ: ಪಲ್ಯ?

ಮಂಜ: ಪಲ್ಯ ನೋಡೋಣ. ಮೊದಲು ಆ ಎಕ್ಸೆಲ್ ಇಲ್ಲಿ ಹಾಕು.