ಅಪ್‌ಡೇಟ್: ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸ ರುಚಿಸುವಂತೆ ಮಾಡುವುದು ಹೇಗೆ?

ರಾಜರ ಹೆಸರು, ಇಸವಿ ಎಂದರೆ ಮಕ್ಕಳು ಆಕಳಿಸುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೆ. ಮೂಲ ಆಕರವನ್ನೇ ಅವರ ಕೈಗಿಡಿ ಎಂದವರಿಗೆಲ್ಲ ಧನ್ಯವಾದ.

ಕ್ರಿ.ಶ. 949–50ರ ಆತಕೂರು ಶಾಸನದ ಚಿತ್ರವನ್ನು ಮುದ್ರಿಸಿ, ಏನನ್ನೂ ವಿವರಿಸದೆ ಹಂಚಿದೆ. ಮೊದಲು ಕಣ್ಣಿಗೆ ಬಿದ್ದದ್ದನ್ನಷ್ಟೇ ಬರೆಯಬೇಕು, ಊಹೆ ಆಮೇಲೆ. ನಾಯಿಯೂ ಹಂದಿಯೂ ಕಾದಾಡುತ್ತಿರುವುದನ್ನು ಕೂಡಲೇ ಗುರುತಿಸಿದರು. ಗಂಗ ದೊರೆ ಬೂತುಗನಿಂದ ಅವನ ಯೋಧ ಮಣಲೇರ ಕೇಳಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನು ಶಾಸನಪಾಠದಿಂದಲೇ ಓದಿಸಿದೆ. ಅದೇ ಕಲ್ಲಿನಲ್ಲಿ ರಾಷ್ಟ್ರಕೂಟರು ಚೋಳರನ್ನು ಗೆದ್ದ ತಕ್ಕೋಲದ ಯುದ್ಧವೂ ಇದೆ. “ಅಷ್ಟು ದೊಡ್ಡ ಗೆಲುವಿನ ಪಕ್ಕದಲ್ಲಿ ನಾಯಿಯ ಸಾವನ್ನೇಕೆ ಬರೆಸಿದರು?” ಎಂದು ಒಬ್ಬಳು ಕೇಳಿದಳು. ಇಂಥ ಪ್ರಶ್ನೆಗಾಗಿಯೇ ನಾನು ಹಂಬಲಿಸಿದ್ದು!

ಸಮಯ ಹೆಚ್ಚು ಬೇಕು, ನಿಜ. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ್ದು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲು ಮುಖ್ಯೋಪಾಧ್ಯಾಯರ ಅನುಮತಿ ಕೇಳಿದ್ದೇನೆ.