ಕಣ್ಣಿನ ಹರ್ಪಿಸ್ ಪದೇ ಪದೇ ಬರ್ತಿದೆ, ಸ್ಟೆಮ್ ಸೆಲ್ ಹಾಕಿಸಿದರೆ ನಿಲ್ಲುತ್ತಾ?

ಹಾಸನದ ಗೃಹಿಣಿ:
ನಮ್ಮ ಯಜಮಾನರಿಗೆ ಎಡಗಣ್ಣಲ್ಲಿ ಹರ್ಪಿಸ್ ವೈರಸ್ ಸೋಂಕು. 4 ವರ್ಷದಲ್ಲಿ ಇದು 5ನೇ ಸಲ. ಮೊದಲ ಸಲ ಕಣ್ಣು ಕೆಂಪಾದಾಗ ಮೆಡಿಕಲ್ ಶಾಪಿನವರು ಕೊಟ್ಟ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿಬಿಟ್ಟೆವು, ಇನ್ನೂ ಜಾಸ್ತಿ ಆಯಿತು. ಈ ಸಲ ಡಾಕ್ಟರು ಕಣ್ಣಿಗೆ ಹಳದಿ ಬಣ್ಣ ಬಿಟ್ಟು, ನೀಲಿ ಲೈಟಿನಲ್ಲಿ ತೆಗೆದ ಫೋಟೋ ತೋರಿಸಿದರು. ಕರಿಗುಡ್ಡೆ ಮೇಲೆ ಎಲೆ ಉದುರಿದ ಕೊಂಬೆ ಥರ ಹಸಿರು ಗೆರೆ. ಹತ್ತಿಯ ಎಳೆ ತಾಗಿಸಿದರೂ ಅವರಿಗೆ ಗೊತ್ತೇ ಆಗಲಿಲ್ಲ, ಅದನ್ನು ನೋಡಿ ನನಗೆ ಭಯ ಆಯಿತು. ಈಗ ಒಂದು ಬಿಳಿ ಕಲೆ ಉಳಿದಿದೆ. ಹೈದರಾಬಾದಿನಲ್ಲಿ ಸ್ಟೆಮ್ ಸೆಲ್ ಹಾಕಿಸಿದರೆ ವೈರಸ್ ಮತ್ತೆ ಬರಲ್ಲ ಅಂತ ಬಾವ ಹೇಳುತ್ತಾರೆ. ನಿಜಾನಾ?

ಕಾರ್ನಿಯಾ ವಿಭಾಗದ ಪಿಜಿ ಡಾಕ್ಟರ್:
ಇಲ್ಲ ಅಕ್ಕ. ಆ ವೈರಸ್ ಕಣ್ಣಲ್ಲಿ ಮಾತ್ರ ಇರೋದಲ್ಲ, ಮುಖದ ಸ್ಪರ್ಶ ತಿಳಿಸುವ ನರ ತಲೆಬುರುಡೆಯೊಳಗೆ ಸೇರುವ ಗಂಟಿನಲ್ಲಿ ಸುಮ್ನೆ ಮಲಗಿರುತ್ತೆ, ಜ್ವರ ಬಂದಾಗಲೋ ದೇಹ ಸೊರಗಿದಾಗಲೋ ಎದ್ದು ಅದೇ ನರದ ದಾರಿಯಲ್ಲಿ ಕಣ್ಣಿಗೆ ಇಳಿಯುತ್ತೆ. ಸ್ಟೆಮ್ ಸೆಲ್ ಅಲ್ಲಿಗೆ ಹೋಗಲ್ಲ. ಕರಿಗುಡ್ಡೆ ಬಿಳಿಗುಡ್ಡೆ ಸೇರುವ ಅಂಚಿನಲ್ಲಿರುವ ಕೋಶಗಳೇ ಈ ಸ್ಟೆಮ್ ಸೆಲ್, ಅವು ಕಾರ್ನಿಯಾದ (ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪದರ) ಮೇಲ್ಪದರವನ್ನು ದಿನವೂ ಹೊಸದಾಗಿ ಕೊಡುತ್ತವೆ. ಪದೇ ಪದೇ ಹರ್ಪಿಸ್ ಬಂದು ಕೆಲವರಲ್ಲಿ ಆ ಅಂಚೇ ಹಾಳಾಗುತ್ತೆ, ರಕ್ತನಾಳ ಕಾರ್ನಿಯಾ ಮೇಲೆ ಹತ್ತುತ್ತೆ. ಹಾಗಾಗಿದ್ದರೆ ಮಾತ್ರ ಕೋಶ ಕಸಿಯ ಮಾತು. ಅದೂ ಕಣ್ಣು ತಿಂಗಳುಗಟ್ಟಲೆ ಶಾಂತವಾಗಿದ್ದ ಮೇಲೆ, ವೈರಸ್ ತಡೆಯುವ ಮಾತ್ರೆಯ ಕಾವಲಿನಲ್ಲಿ, ಯಾಕಂದ್ರೆ ಆಪರೇಷನ್ನೇ ವೈರಸ್ಸನ್ನು ಎಬ್ಬಿಸಬಹುದು. ಬರೀ ಕಲೆ ಇದ್ದು, ಅದರಿಂದ ದೃಷ್ಟಿ ತುಂಬಾ ಮಸುಕಾಗಿದ್ದರೆ ದಾನಿಯ ಕಾರ್ನಿಯಾ ಬೇಕಾಗಬಹುದು. ಅದರಲ್ಲೂ ಹರ್ಪಿಸ್ ಮತ್ತೆ ಬರಬಹುದು.

ಈಗ ಕೇಳಬೇಕಾದ್ದು ವೈರಸ್ ತಡೆಯುವ ಆ ಮಾತ್ರೆ, ಅಸೈಕ್ಲೊವಿರ್ ಬಗ್ಗೆ. ಅಮೆರಿಕದಲ್ಲಿ 703 ಜನರ ಮೇಲೆ ನಡೆದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. 400 ಮಿ.ಗ್ರಾಂ. ದಿನಕ್ಕೆ ಎರಡು ಸಲದಂತೆ ವರ್ಷ ತೆಗೆದುಕೊಂಡವರಲ್ಲಿ 100ಕ್ಕೆ 19 ಜನರಿಗೆ ಮರುಕಳಿಸಿತು, ತೆಗೆದುಕೊಳ್ಳದವರಲ್ಲಿ 32. ಕಿಡ್ನಿ ಟೆಸ್ಟ್ ಮಾಡಿಸಿ, ಡಾಕ್ಟರ್ ಹೇಳಿದಷ್ಟೇ ತೆಗೆದುಕೊಳ್ಳಲಿ. ಮತ್ತೆ ಅಂಗಡಿಯ ಡ್ರಾಪ್ಸ್ ಮಾತ್ರ ಬೇಡವೇ ಬೇಡ.

ಬಳ್ಳಾರಿಯವ:
ಬಾವ ಕೇಳಿರೋದು ಸುಳ್ಳಲ್ಲ, ಕಾಯಿಲೆ ಬೇರೆ ಅಷ್ಟೇ. ನನ್ನ ತಮ್ಮನ ಕಣ್ಣಿಗೆ ಸುಣ್ಣ ಬಿದ್ದಿತ್ತು, ಅವನಿಗೆ ಇದೇ ಮಾಡಿದ್ದು. ಚೆನ್ನಾಗಿರುವ ಕಣ್ಣಿನ ಅಂಚಿಂದ ಸುಮಾರು 2 ಮಿ.ಮೀ. ಚೂರು ತೆಗೆದು, ಸಣ್ಣಗೆ ಕತ್ತರಿಸಿ, ಹೆರಿಗೆಯಲ್ಲಿ ಸಿಗುವ ಮಾಸಿನ ತೆಳು ಪೊರೆಯನ್ನು ಸುಟ್ಟ ಕಣ್ಣಿಗೆ ಹೊದಿಸಿ ಅದರ ಮೇಲೆ ಅಂಟಿಸಿದರು. ಸ್ಲೆಟ್ ಅಂತಾರೆ, ಹೈದರಾಬಾದಿನ ಎಲ್.ವಿ. ಪ್ರಸಾದ್ ಆಸ್ಪತ್ರೆಯ ಡಾ. ವೀರೇಂದ್ರ ಸಾಂಗ್ವಾನ್ ತಂಡ 2012ರಲ್ಲಿ ಪ್ರಕಟಿಸಿದ ವಿಧಾನ. ತಮ್ಮ ಈಗ ಬಸ್ ಬೋರ್ಡ್ ಓದುತ್ತಾನೆ. ಆದರೆ ಸುಣ್ಣ ಒಂದೇ ಸಲ ಸುಡುತ್ತೆ, ನಿಮ್ಮ ಯಜಮಾನರ ವೈರಸ್ ಒಳಗೇ ಇದೆಯಲ್ಲಕ್ಕಾ.

ಹಾಸನದ ಗೃಹಿಣಿ:
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಸೋಮವಾರ ಹೋಗ್ತಿದ್ದೀವಿ, ಅಂಚು ಚೆನ್ನಾಗಿದೆಯಾ ಅಂತಲೂ, ಮಾತ್ರೆ ಎಷ್ಟು ದಿನ ಅಂತಲೂ ಕೇಳಿ ಬಂದು ಇಲ್ಲೇ ಬರೀತೀನಿ. ಬಾವನಿಗೂ ಇದನ್ನೇ ಓದಿ ಹೇಳ್ತೀನಿ.