ಗಂಡ ಮನೆ ಬಿಟ್ಟು ಹೋಗಿದ್ದಾರೆ, ಈಗ ಸೋಡಚೀಟಿಗೆ (ಮದುವೆ ಬಿಟ್ಟುಕೊಟ್ಟ ಪತ್ರಕ್ಕೆ) ಸಹಿ ಹಾಕಿ ಮಗನನ್ನು ಕೊಡು ಅಂತಿದ್ದಾರೆ. ಏನು ಮಾಡಲಿ?

ಗೋಕಾಕದ ಮಗಳು:
ಕೊಟ್ಟ ಮನೆ ಜಮಖಂಡಿ, ತವರು ಗೋಕಾಕ. ಗಂಡ ಕಳೆದ ಶ್ರಾವಣದಲ್ಲಿ ಪುಣೆಗೆ ಕೆಲಸಕ್ಕೆ ಅಂತ ಹೋದವರು ತಿರುಗಿ ಬಂದಿಲ್ಲ. ಮೊದಲು ಫೋನಾದರೂ ಮಾಡುತ್ತಿದ್ದರು, ದೀಪಾವಳಿ ಆದ ಮೇಲೆ ಅದೂ ನಿಂತಿತು. ಅತ್ತೆ ಮನೆಯಲ್ಲಿ ದಿನಾ ಮಾತು ಕೇಳಿ ಕೇಳಿ ಸಾಕಾಗಿ ಮಗನನ್ನು ಕರೆದುಕೊಂಡು ತವರಿಗೆ ಬಂದೆ. ಅವನಿಗೆ ನಾಲ್ಕು ವರ್ಷ.

ಮೊನ್ನೆ ಅವರ ಕಡೆ ಹಿರಿಯರು ಬಂದು ಒಂದು ಬಾಂಡ್ ಪೇಪರ್ ಕೊಟ್ಟು ಹೋಗಿದ್ದಾರೆ. ಇಬ್ಬರೂ ಒಪ್ಪಿ ಬೇರೆ ಆಗಿದ್ದೇವೆ, ಹೆಂಡತಿ ಮುಂದೆ ಏನೂ ಕೇಳುವುದಿಲ್ಲ, ಮಗ ತಂದೆ ಮನೆಯಲ್ಲಿ ಬೆಳೆಯುತ್ತಾನೆ ಅಂತ ಟೈಪ್ ಮಾಡಿದೆ. ಗಂಡನ ಸಹಿ ಆಗಲೇ ಇದೆ. ನಾನು ಸಹಿ ಹಾಕುವ ಜಾಗಕ್ಕೆ ಪೆನ್ಸಿಲ್‌ನಿಂದ ಗುರುತು ಬೇರೆ ಹಾಕಿದ್ದಾರೆ! ಗಂಡು ಮಗು ನಮ್ಮ ವಂಶದ್ದು, ಕಾನೂನೂ ಹಾಗೇ ಇದೆ ಅಂತಾರೆ. ಹೌದಾ? ನಮ್ಮ ಅಪ್ಪನೂ ಸುಮ್ನೆ ಕೋರ್ಟು ಕಚೇರಿ ಯಾಕೆ, ಸಹಿ ಹಾಕಿಬಿಡು ಅಂತಿದ್ದಾರೆ. ಹೊಲಿಗೆಯಿಂದ ಬರೋದು ಮಗನ ಖರ್ಚಿಗೇ ಸಾಲದು, ವಕೀಲರಿಗೆ ಎಲ್ಲಿಂದ ಕೊಡಲಿ?

ಬೆಳಗಾವಿ ಜೂನಿಯರ್ ವಕೀಲ:
ಸಹಿ ಹಾಕಬೇಡಿ ಅಕ್ಕಾ. ಬಾಂಡ್ ಮೇಲೆ ನೋಟರಿ ಮುದ್ರೆ ಬಿದ್ದ ಮಾತ್ರಕ್ಕೆ ಮದುವೆ ಮುರಿಯಲ್ಲ. ನೀವು ಹಿಂದೂ ವಿವಾಹ ಕಾಯ್ದೆಗೆ ಬರುತ್ತೀರಿ ಅಂದುಕೊಂಡು ಹೇಳುತ್ತಿದ್ದೇನೆ, ಅದರಲ್ಲಿ ಡಿವೋರ್ಸ್ ಕೊಡೋದು ಕೋರ್ಟು. ಕೆಲವು ಸಮಾಜಗಳ ಸೋಡಚೀಟಿ ರೂಢಿಗೆ 29ನೇ ಕಲಂನಲ್ಲಿ ಜಾಗ ಇದೆ ನಿಜ, ಆದರೆ ಅಂಥ ರೂಢಿ ಹಿಂದಿನಿಂದ ಇದೆ ಅಂತ ಸಾಬೀತು ಮಾಡಬೇಕು, ಅದು ಹಿರಿಯರು ಹೇಳಿದಷ್ಟು ಸುಲಭ ಅಲ್ಲ. ಆ ಪೇಪರ್ ಹರಿಯಲೂ ಬೇಡಿ. ಗಂಡ ಬೇರೆ ಇದ್ದೇನೆ ಅಂತ ತಾವೇ ಸಹಿ ಮಾಡಿ ಕಳಿಸಿದ್ದಾರೆ, ನಿಮಗೇ ಉಪಯೋಗಕ್ಕೆ ಬರಬಹುದು.

ವಂಶದ ಮಾತು ಬಿಡಿ. ಹಿಂದೂ ಮಕ್ಕಳ ಪೋಷಕತ್ವದ 1956ರ ಕಾಯ್ದೆ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು, ಗಂಡಾಗಲಿ ಹೆಣ್ಣಾಗಲಿ. ಐದು ತುಂಬಿದ ಮರುದಿನ ತಂದೆಗೆ ಒಪ್ಪಿಸಬೇಕು ಅಂತಲೂ ಅಲ್ಲ, ಆಗಲೂ ಕೋರ್ಟ್ ನೋಡೋದು ಮಗುವಿನ ಹಿತ. ತಂದೆ ಮಗುವಿನ ಉಸಾಬರಿಯನ್ನೇ ಬಿಟ್ಟಿದ್ದರೆ ತಾಯಿಯೇ ಸಹಜ ಪೋಷಕಿ ಆಗಬಹುದು ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಗೀತಾ ಹರಿಹರನ್ ಕೇಸಿನಲ್ಲಿ ಹೇಳಿದೆ.

ಬಿಟ್ಟು ಹೋದ ಕಾರಣಕ್ಕೆ ಡಿವೋರ್ಸ್ ಬೇಕಂದರೆ ಸತತ ಎರಡು ವರ್ಷ ಆಗಿರಬೇಕು. ಇಬ್ಬರೂ ಒಪ್ಪಿದರೆ ಒಂದು ವರ್ಷ ಬೇರೆ ಇದ್ದ ಮೇಲೆ ಅರ್ಜಿ ಹಾಕಬಹುದು, ಆಮೇಲೆ ಆರು ತಿಂಗಳು ಕಾಯಿಸುತ್ತಾರೆ. ಆ ಆರು ತಿಂಗಳನ್ನು ಸಂದರ್ಭ ನೋಡಿ ಕೋರ್ಟ್ ಬಿಡಬಹುದು ಅಂತ 2017ರ ತೀರ್ಪಿದೆ. ಆದರೆ ಜೀವನಾಂಶಕ್ಕೂ ಮಗನ ಕಸ್ಟಡಿಗೂ ಇದ್ಯಾವುದನ್ನೂ ಕಾಯಬೇಕಿಲ್ಲ, ನಾಳೆಯೇ ಹಾಕಬಹುದು. ಜೀವನಾಂಶ ಕೇಳುವ ಹಳೆಯ ಸಿಆರ್‌ಪಿಸಿ 125ನೇ ಕಲಂ ಈಗ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ ಕಾಯ್ದೆಯ 144ನೇ ಕಲಂ ಆಗಿದೆ. ನೀವೂ ಮಗನೂ ಇರೋದು ಗೋಕಾಕದಲ್ಲಿ, ಹಾಗಾಗಿ ಜಮಖಂಡಿಗೆ ಓಡಾಡಬೇಕಿಲ್ಲ.

ಗೋಳಗುಮ್ಮಟ ನೆರೆಮನೆ:
ತಂಗೀ, ವಿಜಯಪುರದಲ್ಲಿ ನನ್ನದೂ ಇದೇ ಕಥೆ. ದುಡ್ಡಿನ ಚಿಂತೆ ಬಿಡು, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಸರ್ಕಾರದ ಕಡೆಯಿಂದ ವಕೀಲರು ಸಿಗುತ್ತಾರೆ. ತಾಲೂಕು ಕಾನೂನು ಸೇವಾ ಸಮಿತಿ ಅಂತ ಕೋರ್ಟ್ ಆವರಣದಲ್ಲೇ ವಿಚಾರಿಸು, ಇಲ್ಲಾ 15100ಕ್ಕೆ ಫೋನ್ ಮಾಡು. ಫೀ ಇಲ್ಲ ಅಂತ ನನ್ನ ವಕೀಲರು ಉದಾಸೀನ ಮಾಡಲಿಲ್ಲ, ಆದರೆ ತಾರೀಖು ನೆನಪಿಟ್ಟು ಬೆನ್ನು ಹತ್ತೋದು ನಮ್ಮ ಕೆಲಸವೇ.

ಗಂಡನ ಪುಣೆ ವಿಳಾಸ ಹುಡುಕು. ನೋಟಿಸ್ ಬಾಗಿಲು ಹಾಕಿದೆ ಅಂತ ವಾಪಸ್ ಬಂದರೆ ತಿಂಗಳುಗಟ್ಟಲೆ ಹೋಗುತ್ತೆ, ಜಾಸ್ತಿ ತಡ ಆಗೋದು ಅಲ್ಲೇ. ಕೆಲಸ ಕೊಟ್ಟ ಮೇಸ್ತ್ರಿ, ಜೊತೆಗೆ ರೂಮಿನಲ್ಲಿರುವ ಹುಡುಗರು, ಯಾರನ್ನಾದರೂ ಕೇಳು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ, ಅದಕ್ಕೇ ಬೇಗ ಹಾಕು ಅನ್ನೋದು. ಆದೇಶ ಆದರೂ ದುಡ್ಡು ಕೈಗೆ ಬರೋಕೆ ಮತ್ತೆ ಗುದ್ದಾಡಬೇಕು, ಅದನ್ನೂ ಹೇಳಿಬಿಡುತ್ತೇನೆ.

ಬಾಗಲಕೋಟೆ ಅಪ್ಪ:
ಎಲ್ಲರೂ ಅವರ ಕಡೆಯೇ ಮಾತಾಡುತ್ತಿದ್ದೀರಿ, ನಾನು ಇನ್ನೊಂದು ಕಡೆ ನಿಂತವನು. ನನ್ನ ಹೆಂಡತಿ ಮಗಳನ್ನು ಕರೆದುಕೊಂಡು ಹೋದವಳು ಫೋನಿನಲ್ಲೂ ಮಾತಾಡಿಸಲು ಬಿಡುತ್ತಿಲ್ಲ. ಸಿಟ್ಟು ಗಂಡನ ಮೇಲಿರಲಿ ರೀ, ಅಜ್ಜ ಅಜ್ಜಿಯಿಂದ ಮಗುವನ್ನು ಪೂರ್ತಿ ಮುಚ್ಚಿಡಬೇಡಿ. ಕೋರ್ಟಿನಲ್ಲೂ ಭೇಟಿಗೆ ಅವಕಾಶ ಕೊಡ್ತೀರಾ ಅಂತ ಕೇಳುತ್ತಾರೆ.

ಬೆಳಗಾವಿ ಜೂನಿಯರ್ ವಕೀಲ:
ಅಣ್ಣನ ಮಾತು ಸರಿ. ವಿಡಿಯೋ ಕಾಲ್ ಮಾಡಿಸಿ, ಮನೆಗೆ ಬಂದರೆ ಮಾತಾಡಿಸಲಿ. ಆದರೆ ಜಾತ್ರೆಗೆ ನಾಲ್ಕು ದಿನ ಕಳಿಸು ಅಂದರೆ ಆದೇಶ ಆಗೋವರೆಗೂ ಬೇಡ. ಮಗು ಎಲ್ಲಿ ಒಗ್ಗಿಕೊಂಡಿದೆ ಅನ್ನೋದನ್ನೂ ಕೋರ್ಟ್ ನೋಡುತ್ತೆ, ಕಳಿಸಿದ ಮೇಲೆ ವಾಪಸ್ ಕರೆತರೋದೇ ಒಂದು ಕೇಸ್ ಆಗುತ್ತೆ.

ಗೋಕಾಕದ ಮಗಳು:
ಎಲ್ಲರಿಗೂ ಥ್ಯಾಂಕ್ಸ್ ರೀ. ಸೋಮವಾರ ಸಮಿತಿಗೆ ಹೋಗುತ್ತೇನೆ. ಅಪ್ಪ ಬರಲ್ಲ ಅಂತಿದ್ದಾರೆ, ಒಬ್ಬಳೇ ಹೋದರೆ ನಡೆಯುತ್ತಾ?

ಗೋಳಗುಮ್ಮಟ ನೆರೆಮನೆ:
ಯಾಕೆ ನಡೆಯಲ್ಲ? ಆಧಾರ್, ಮದುವೆ ಫೋಟೋ, ಲಗ್ನಪತ್ರಿಕೆ, ಮಗನ ಜನನ ಪ್ರಮಾಣಪತ್ರ, ಎಲ್ಲದರ ಎರಡೆರಡು ಝೆರಾಕ್ಸ್ ಇಟ್ಟುಕೋ. ಅರ್ಜಿ ಟೈಪ್ ಆದ ಮೇಲೆ ಪೂರ್ತಿ ಓದಿಸಿ ಕೇಳಿಯೇ ಸಹಿ ಹಾಕು, ವಕೀಲರು ಅವಸರ ಮಾಡಿದರೂ.